ಮಾಟ್ಲಿ ಕೊಟ್ಟ ಉತ್ತರ

ಸಂಪಾದಕರೇ,

ಅಮೆರಿಕದಲ್ಲಿ ಜಡ್ಜ್ ಆಗಿದ್ದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಬಗ್ಗೆ ನಮ್ಮ ಹೆಣ್ಣುಮಕ್ಕಳು ಓದಲೇಬೇಕು. ಅಪ್ಪ ಅಡುಗೆ ಕೆಲಸದವರು. ಕಾಲೇಜಿಗೆ ಕಳಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗಿಯ ಮಾತು ಕೇಳಿ ಮೆಚ್ಚಿದ ಊರಿನ ಶ್ರೀಮಂತರೊಬ್ಬರು ಓದಿಸಿದರು. ವಕೀಲೆಯಾಗಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 10 ಕೇಸು ವಾದಿಸಿ 9 ಗೆದ್ದರು. 1966ರಲ್ಲಿ ಅಲ್ಲಿನ ಮೊದಲ ಕಪ್ಪು ಮಹಿಳಾ ಫೆಡರಲ್ (ಕೇಂದ್ರದ ಕೋರ್ಟಿನ) ಜಡ್ಜ್ ಆದರು.

ನನಗೆ ಜಾಸ್ತಿ ಹಿಡಿಸಿದ್ದು 1975ರ ಘಟನೆ. ಕೆಲಸದಲ್ಲಿ ಹೆಂಗಸರಿಗೆ ತಾರತಮ್ಯವಾಗುತ್ತಿದೆ ಎಂದು ಲಾ ಫರ್ಮ್ (ವಕೀಲರ ಸಂಸ್ಥೆ) ಒಂದರ ಮೇಲೆ ಕೇಸಾಗಿತ್ತು. ಅದು ಮಾಟ್ಲಿ ಅವರ ಮುಂದೆ ಬಂತು. ನೀವು ಈ ಕೇಸು ಕೇಳುವುದು ಬಿಡಿ ಎಂದು ಫರ್ಮ್‌ನವರು ಅವರನ್ನು ಕೇಳಿದರು. ಕಾರಣ? ಅವರು ಕಪ್ಪು ಹೆಂಗಸು, ಹಿಂದೆ ಹಕ್ಕುಗಳಿಗಾಗಿ ವಾದಿಸಿದವರು. ಮಾಟ್ಲಿ ಒಪ್ಪಲಿಲ್ಲ. ಲಿಂಗ, ಜನಾಂಗ ಎಲ್ಲ ಜಡ್ಜ್‌ಗಳಿಗೂ ಇರುತ್ತದೆ, ಅದೇ ಕಾರಣವಾದರೆ ಈ ಕೋರ್ಟಿನ ಯಾರೂ ಕೇಸು ಕೇಳುವಂತಿಲ್ಲ ಎಂದರು. ಸರಿಯಾದ ಮಾತು, ಅಲ್ವಾ? ಇಂಥವರ ಬದುಕಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರಹಗಳು ಬರಲಿ.

– ಓದುಗರೊಬ್ಬರು, ಮೈಸೂರು