3 ಹೋಗಿ 8 ಆಯಿತು, ನನ್ನ 16,800 ರೂಪಾಯಿ ಹೋಯಿತು

ಮಾನ್ಯ ಸಂಪಾದಕರೇ,

ಸಂತೆ ಮೈದಾನದ ಎದುರಿನ ಬ್ಯಾಂಕಿನಲ್ಲಿ ಹಿರಿಯರು ಬಿಸಿಲಲ್ಲಿ ಕಾಯುತ್ತಿರುವ ವರದಿಯನ್ನು ಮೊನ್ನೆ ಹಾಕಿದ್ದೀರಿ. ಫೋಟೊದಲ್ಲಿ ಕೊಡೆ ಹಿಡಿದು ಮೆಟ್ಟಿಲ ಮೇಲೆ ಕೂತಿರುವವಳು ನಾನೇ. ನವೆಂಬರ್ ಅಲ್ವಾ, ಉಳಿದವರೆಲ್ಲ ಪಿಂಚಣಿಗೆ ವರ್ಷವರ್ಷ ಕೊಡುವ ಜೀವಿತ ಪ್ರಮಾಣಪತ್ರಕ್ಕೆ ಬಂದಿದ್ದರು. ನಾನು ಹೋಗಿದ್ದು ತಪ್ಪಾಗಿ ಹಿಡಿದುಕೊಂಡ ಆದಾಯ ತೆರಿಗೆ ವಾಪಸ್ ಕೇಳಲು. ಅದು ಏಳನೇ ಸಲ. ಇವತ್ತು ಎಂಟನೇ ಸಲ ಹೋಗಿ ಬರಿಗೈಯಲ್ಲಿ ಬಂದೆ. ಚಪ್ಪಲಿ ಬಿಟ್ಟವಳೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಠೇವಣಿ ನನ್ನ ಹೆಸರಿಗೆ ಬಂತು. ಆಗ ಪ್ಯಾನ್ ಕಾರ್ಡಿನ ಜೆರಾಕ್ಸ್ ಕೊಟ್ಟೆ, ಕೆಳಗೆ ಸಹಿಯನ್ನೂ ಹಾಕಿದೆ. ಪ್ಯಾನ್‌ನಲ್ಲಿ ಮೊದಲು ಐದು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನನ್ನದರಲ್ಲಿ ಎರಡನೇ ಅಂಕಿ 3. ಕಂಪ್ಯೂಟರಿಗೆ ಹೊಡೆದವರು 8 ಹೊಡೆದರು. ಆ ನಂಬರಿನ ಪ್ಯಾನ್ ಯಾರಿಗೂ ಇಲ್ಲವಂತೆ. ಹಾಗಾಗಿ ನಾನು ಪ್ಯಾನೇ ಕೊಟ್ಟಿಲ್ಲ ಅಂತ ಲೆಕ್ಕವಾಯಿತು. ಬಡ್ಡಿ ಕೊಡುವಾಗಲೇ ಬ್ಯಾಂಕಿನವರು ಹಿಡಿದುಕೊಳ್ಳುವ ತೆರಿಗೆಗೆ ಟಿಡಿಎಸ್ ಅನ್ನುತ್ತಾರೆ. ಪ್ಯಾನ್ ಇದ್ದವರ ಬಡ್ಡಿಗೆ ಅದು ಶೇ 10, ಇಲ್ಲದವರಿಗೆ ಶೇ 20. 2024–25ರಲ್ಲಿ ನನಗೆ ಬಂದ ಬಡ್ಡಿ 84,000 ರೂಪಾಯಿ. ಅದರಲ್ಲಿ 16,800 ಮುರಿದುಕೊಂಡರು.

ನಾನು ತೆರಿಗೆ ಕಟ್ಟಬೇಕಾದವಳೇ ಅಲ್ಲ. ಕುಟುಂಬ ಪಿಂಚಣಿ, ಬಡ್ಡಿ ಎಲ್ಲ ಸೇರಿಸಿದರೂ ಆ ವರ್ಷದ 7 ಲಕ್ಷದ ಮಿತಿಯೊಳಗೇ ಇದ್ದೇನೆ. ತೆರಿಗೆ ಹಿಡಿಯಬೇಡಿ ಅಂತ ಏಪ್ರಿಲ್‌ನಲ್ಲೇ 15ಎಚ್ ಫಾರಂ ತುಂಬಿ ಕೊಟ್ಟಿದ್ದೆ. ಪ್ಯಾನ್ ಸರಿ ಇಲ್ಲದಿದ್ದರೆ 15ಎಚ್ ನಡೆಯುವುದಿಲ್ಲವಂತೆ. ಹಾಗಿದ್ದರೆ ಆಗಲೇ ಒಂದು ಫೋನ್ ಮಾಡಿ ಹೇಳಬಾರದಿತ್ತೇ? ಸಾಲ ಬೇಕಾ, ಇನ್ಶೂರೆನ್ಸ್ ಬೇಕಾ ಅಂತ ಕೇಳಲು ಅದೇ ಬ್ಯಾಂಕಿನಿಂದ ವಾರಕ್ಕೆರಡು ಫೋನ್ ಬರುತ್ತದೆ.

ಸೆಪ್ಟೆಂಬರ್ ಗಡುವಿನೊಳಗೇ ರಿಟರ್ನ್ ಹಾಕಿದೆ. ಆಡಿಟರ್ ಫೀಸು ಬೇರೆ. ರಿಫಂಡ್ ಸೊನ್ನೆ ಅಂತ ಬಂತು. ಆಡಿಟರ್ 26ಎಎಸ್, ಅಂದರೆ ನನ್ನ ಪ್ಯಾನಿಗೆ ಜಮಾ ಆದ ತೆರಿಗೆಯ ಪಟ್ಟಿ ತೆಗೆದು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಅದರಲ್ಲಿ ಬ್ಯಾಂಕಿನ ಹೆಸರೇ ಇಲ್ಲ. "ಅಮ್ಮಾ, ದುಡ್ಡು ಸರ್ಕಾರಕ್ಕೆ ಹೋಗಿದೆ, ನಿಮ್ಮ ಪ್ಯಾನಿಗೆ ಬಂದಿಲ್ಲ. ಬ್ಯಾಂಕಿನವರು ಅವರ ಟಿಡಿಎಸ್ ರಿಟರ್ನ್ ತಿದ್ದಿ ಮತ್ತೆ ಹಾಕಬೇಕು. ಆಮೇಲೆ ನಾವು ತಿದ್ದುಪಡಿ ಕೇಳೋಣ" ಅಂದರು. ನನ್ನ ಕೈಲಿ ಏನೂ ಇಲ್ಲ. ತಪ್ಪು ಮಾಡಿದವರೇ ತಿದ್ದಬೇಕು.

ಬ್ಯಾಂಕಿಗೆ ಹೋದರೆ ಮೂರನೇ ಕೌಂಟರ್‌ನವರು ಮ್ಯಾನೇಜರನ್ನು ಕೇಳಿ ಅನ್ನುತ್ತಾರೆ. ಮ್ಯಾನೇಜರ್ ರಜೆ, ಇಲ್ಲವೇ ಮೀಟಿಂಗ್. ಒಂದು ದಿನ ಸಿಕ್ಕರು. "ಇಲ್ಲಿ ಆಗಲ್ಲ ಮೇಡಂ, ಹೆಡ್ ಆಫೀಸಿಗೆ ಮೇಲ್ ಹಾಕಿದ್ದೇವೆ" ಅಂದರು. ಆ ಮೇಲ್‌ನ ಪ್ರತಿ ಕೊಡಿ ಅಂದೆ. ಕೊಡಲಿಲ್ಲ. ನಾನು ಕೊಟ್ಟ ಅರ್ಜಿಗೆ ಸೀಲು ಹಾಕಿಕೊಡಿ ಅಂದೆ. ಅದಕ್ಕೂ ಇಲ್ಲ.

ಇವತ್ತಂತೂ ಮಿತಿ ಮೀರಿತು. ಹೊಸದಾಗಿ ಬಂದಿರುವ ಹುಡುಗ ಎಲ್ಲ ಕೇಳಿ, "ನಿಮ್ಮ ಪ್ಯಾನ್ ಕಾರ್ಡೇ ತಿದ್ದಿಸಿಕೊಂಡು ಬನ್ನಿ" ಅಂದ. ಕಾರ್ಡನ್ನು ಗಾಜಿನ ಕಿಂಡಿಯೊಳಗೆ ತಳ್ಳಿ, 3ರ ಪಕ್ಕ ಬೆರಳಿಟ್ಟು ತೋರಿಸಿದೆ. ಅವನು ಕಾರ್ಡ್ ನೋಡಲೇ ಇಲ್ಲ. "ಸಿಸ್ಟಮ್‌ನಲ್ಲಿ 8 ಇದೆ ಮೇಡಂ" ಅಂದ. ಸರ್ಕಾರ ಕೊಟ್ಟ ಕಾರ್ಡ್ ಸುಳ್ಳು, ಇವರು ತಪ್ಪಾಗಿ ಹೊಡೆದದ್ದು ನಿಜವೇ? ಖಾಸಗಿ ಶಾಲೆಯಲ್ಲಿ 26 ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಮೂರನೇ ಕ್ಲಾಸಿನ ಮಗು ಕೂಡ ತಪ್ಪು ತೋರಿಸಿದರೆ ರಬ್ಬರ್ ತೆಗೆದುಕೊಳ್ಳುತ್ತಿತ್ತು.

ಇದೇ ಮೊದಲಲ್ಲ. ಪ್ಯಾನ್‌ಗೆ ಆಧಾರ್ ಜೋಡಿಸುವಾಗಲೂ ಹೀಗೇ ಆಯಿತು. ಒಂದರಲ್ಲಿ ನಮ್ಮ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಇನಿಷಿಯಲ್ ಇಲ್ಲದ ಮನೆ ಯಾವುದಿದೆ? ಹೆಸರು ಹೊಂದುತ್ತಿಲ್ಲ ಅಂತ ತಿಂಗಳುಗಟ್ಟಲೆ ಅಲೆಸಿದರು. ಕೊನೆಗೆ 2023ರ ಜೂನ್‌ನಲ್ಲಿ 1,000 ರೂಪಾಯಿ ಕಟ್ಟಿ ಜೋಡಿಸಿಕೊಂಡೆ. ಮನೆ ಖಾತೆಯಲ್ಲಿ ಯಜಮಾನರ ಹೆಸರು ತಪ್ಪಾಗಿದ್ದನ್ನು ತಿದ್ದಿಸಲು ಅವರು ಎರಡು ವರ್ಷ ಓಡಾಡಿದರು. ತಿದ್ದಿದ ಖಾತೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. ಎಲ್ಲ ಕಚೇರಿಯಲ್ಲೂ ತಪ್ಪು ಅವರದು, ಓಡಾಟ ನಮ್ಮದು.

ಬಡ್ಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ತೆರಿಗೆ ಬಾಕಿ ಇಟ್ಟರೆ ತಿಂಗಳಿಗೆ ಶೇ 1 ಬಡ್ಡಿ ಹಾಕುತ್ತಾರೆ. ನಮ್ಮ ದುಡ್ಡು ಅವರ ಹತ್ತಿರ ಕೂತರೆ ಕೊಡುವುದು ತಿಂಗಳಿಗೆ ಶೇ ಅರ್ಧ. ಇದು ಯಾವ ನ್ಯಾಯ? 16,800 ಅಂದರೆ ನನಗೆ ಏಳು ತಿಂಗಳ ಮಾತ್ರೆಯ ದುಡ್ಡು. ಬ್ಯಾಂಕಿಗೆ ಹೋಗಿ ಬರಲು ಆಟೋಗೆ ಸಲಕ್ಕೆ 120 ರೂಪಾಯಿ. ಎಂಟು ಸಲದ್ದು ನೀವೇ ಲೆಕ್ಕ ಹಾಕಿ.

ಬ್ಯಾಂಕಿನವರು ಮೊದಲು ಆ ಅಂಕಿ ತಿದ್ದಲಿ. ಅವರು ತಿದ್ದದಿದ್ದರೆ ತೆರಿಗೆ ಇಲಾಖೆಯೇ ತಿದ್ದಿಸಲಿ, ದಂಡ ಹಾಕಲಿ. ಯಾರು ಮಾಡಿದರೂ ಸರಿ, ಬೇಗ ಮಾಡಲಿ. ನಮ್ಮಂಥ ಮುದುಕಿಯರನ್ನು ಅಲೆಸುವುದಕ್ಕೆ ಇವರಿಗೆ ನಾಚಿಕೆಯಾಗಬೇಕು. ಹಾಗೇ ಆ ಮೆಟ್ಟಿಲ ಹತ್ತಿರ ನೆರಳು ಮಾಡಿ, ನಾಲ್ಕು ಕುರ್ಚಿ ಹಾಕಿಸಲಿ. ಸೋಮವಾರ ಮತ್ತೆ ಹೋಗುತ್ತಿದ್ದೇನೆ.

– ನಿವೃತ್ತ ಶಿಕ್ಷಕಿ, ನಿಮ್ಮ ಓದುಗರಲ್ಲಿ ಒಬ್ಬಳು