ಮಂಜಿನ ದಾರಿಯಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾವೆಲ್ಲ ಕ್ಷೇಮ. ಚಳಿಗೆ ಅಮ್ಮನ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೇ. ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ: "ಈ ಚಳಿಯಲ್ಲೂ ಸೈಕಲ್ಲೇ? ಒಂದು ಸ್ಕೂಟರ್ ತೆಗೆದುಕೊಳ್ಳಬಾರದೇನೋ?" ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ನಿನ್ನಿಂದ ಒಂದು ಕೆಲಸವೂ ಆಗಬೇಕಿದೆ. ಅದಕ್ಕೇ ಈ ಪತ್ರ. ನಮ್ಮ ಕಡೆಯವರು ಇನ್ನೂ ನಾಲ್ಕು ಜನ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಡಿಸೆಂಬರ್‌ನಿಂದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಬೆಳಿಗ್ಗೆ ಏಳೂವರೆಗೆ ವಿಶೇಷ ತರಗತಿ. ಮಂಡ್ಯದ ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರ್. ಆರೂವರೆಗೆ ಹೊರಟರೆ ನಿಧಾನವಾಗಿ ತುಳಿದರೂ ಸಮಯಕ್ಕೆ ಮುಟ್ಟುತ್ತೇನೆ. ಹೊರಡುವಾಗ ಇನ್ನೂ ನಸುಗತ್ತಲು. ಡಿಸೆಂಬರ್ 21 ಕಳೆಯಿತು, ಇನ್ನು ಬೆಳಗಾಗುವುದು ಬೇಗ ಎಂದು ಮಕ್ಕಳು ಎಣಿಸಿದ್ದರು. ಹಾಗಾಗುವುದಿಲ್ಲ. ಹಗಲು ಉದ್ದವಾಗತೊಡಗಿರುವುದು ನಿಜ, ಆದರೆ ಸದ್ಯಕ್ಕೆ ಅದು ಉದ್ದವಾಗುತ್ತಿರುವುದು ಸಂಜೆಯ ಕಡೆ. ನಮ್ಮ ಸೀಮೆಯಲ್ಲಿ ಜನವರಿಯ ಮೂರನೆಯ ವಾರದವರೆಗೂ ಸೂರ್ಯ ದಿನದಿನಕ್ಕೆ ತುಸು ತುಸು ತಡವಾಗಿಯೇ ಹುಟ್ಟುತ್ತಾನೆ. ಪಂಚಾಂಗ ತಂದು ತೋರಿಸಿದ ಮೇಲೆ ಒಪ್ಪಿಕೊಂಡರು. ಅಂದರೆ ಸಂಕ್ರಾಂತಿ ಮುಗಿದು ಒಂದು ವಾರವಾದರೂ ನನ್ನ ದಾರಿಯಲ್ಲಿ ಕತ್ತಲೆ ಕಡಿಮೆಯಾಗುವುದಿಲ್ಲ. ಇದು ನೆನಪಿರಲಿ, ಕೆಲಸದ ಮಾತಿಗೆ ಬೇಕಾಗುತ್ತದೆ.

ಚಳಿಯನ್ನು ಹೇಗೋ ತಡೆದುಕೊಳ್ಳಬಹುದು. ಸ್ವೆಟರಿನೊಳಗೆ ಎದೆಗೆ ಅಡ್ಡವಾಗಿ ಒಂದು ದಿನಪತ್ರಿಕೆ ಮಡಿಸಿ ಇಟ್ಟುಕೊಂಡರೆ ಗಾಳಿ ಒಳಗೆ ಬರುವುದಿಲ್ಲ. ನಿಮ್ಮ ತಂದೆಯವರು ಹೇಳಿಕೊಟ್ಟದ್ದು. ಎರಡು ಕಿಲೋಮೀಟರ್ ತುಳಿದರೆ ಮೈ ತಾನಾಗಿಯೇ ಬಿಸಿಯಾಗುತ್ತದೆ. ಬೆರಳ ತುದಿಗಳು ಮಾತ್ರ ಕೊನೆಯವರೆಗೂ ಮರಗಟ್ಟಿರುತ್ತವೆ. ಕಷ್ಟ ಕೊಡುವುದು ಮಂಜು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದಲ್ಲ, ಗದ್ದೆ ನಾಲೆಗಳ ಪಸೆ ಅಲ್ಲೇ ಮಂಜಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ದಿಬ್ಬದ ಮೇಲೆ ಆಕಾಶ ತಿಳಿಯಾಗಿ ಕಾಣುತ್ತಿರುತ್ತದೆ, ಇಳಿಜಾರು ಇಳಿದು ಗದ್ದೆ ಬಯಲಿಗೆ ಬಂದರೆ ನನ್ನ ಮುಂದಿನ ಚಕ್ರವೇ ಮಸುಕು. ಹ್ಯಾಂಡಲಿಗೆ ಕಟ್ಟಿದ ದೀಪ ಮಂಜಿಗೆ ಬಡಿದು ಬೆಳಕೆಲ್ಲ ಕಣ್ಣಿಗೇ ಹಿಂದಿರುಗುತ್ತಿತ್ತು. ಬಿಚ್ಚಿ ಕೆಳಗೆ ಮುಂದಿನ ಚಕ್ರದ ಅಚ್ಚಿನ ಹತ್ತಿರ ಕಟ್ಟಿದೆ. ಈಗ ನಾಲ್ಕು ಮಾರು ಡಾಂಬರು ಕಾಣುತ್ತದೆ.

ನಾಲೆ ಏರಿಯ ಅರ್ಧ ಕಿಲೋಮೀಟರನ್ನು ಮಂಜಿನ ದಿನ ಇಳಿದು ನೂಕಿಕೊಂಡೇ ದಾಟುತ್ತೇನೆ. 2018ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಕನಗನಮರಡಿಯ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದದ್ದು ಹಾಡುಹಗಲಿನಲ್ಲಿ. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ಏರಿ ಎಲ್ಲಿ ಕಂಡರೂ ನನಗೆ ಅದೇ ನೆನಪಾಗುತ್ತದೆ.

ಈಗ ಮೊನ್ನೆ ಗುರುವಾರದ ವಿಷಯ. ಮಫ್ಲರನ್ನು ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡಿದ್ದೆ. ಅದೇ ತಪ್ಪಾಯಿತು. ಬಯಲಿನ ತಿರುವಿನಲ್ಲಿ ಇದ್ದಕ್ಕಿದ್ದಂತೆ ಮುಖದ ಮುಂದೆ, ಕೈಯಳತೆಯಲ್ಲಿ, ಕಬ್ಬಿನ ತುದಿಗಳು. ಎತ್ತಿನ ಗಾಡಿ. ದೀಪವಿಲ್ಲ, ಹೊಳೆಯುವಂಥದ್ದು ಒಂದೂ ಇಲ್ಲ. ಬ್ರೇಕ್ ಅದುಮಿದೆ, ರಿಮ್ಮು ಇಬ್ಬನಿಗೆ ನೆಂದಿತ್ತು, ಕೂಡಲೇ ಹಿಡಿಯಲಿಲ್ಲ. ಪಕ್ಕಕ್ಕೆ ಹೊರಳಿಸಿ ಹುಲ್ಲಿನ ಮೇಲೆ ಬಿದ್ದೆ. ಮಂಡಿ ತರಚಿತು, ಬೇರೇನೂ ಆಗಲಿಲ್ಲ. ಗಾಡಿಯವರು ಇಳಿದು ಬಂದು ನನ್ನನ್ನು ಎಬ್ಬಿಸಿದರು. ಮುಂದಿನ ಚಕ್ರವನ್ನು ತೊಡೆಗಳ ನಡುವೆ ಇರುಕಿಕೊಂಡು ಸೊಟ್ಟಗಾಗಿದ್ದ ಹ್ಯಾಂಡಲನ್ನು ನೇರ ಮಾಡಿಕೊಟ್ಟರು. "ಎತ್ತಿಗೆ ದಾರಿ ಗೊತ್ತು ಮೇಷ್ಟ್ರೇ, ನನಗೆ ಸ್ವಲ್ಪ ಕಣ್ಣು ಹತ್ತಿತ್ತು" ಎಂದರು. ರಾತ್ರಿ ಮೂರಕ್ಕೆ ಎದ್ದು ಕಬ್ಬು ತುಂಬಿದ ಜೀವ. ಅವರ ಮೇಲೆ ಹೇಗೆ ಸಿಟ್ಟಾಗಲಿ? ಆದರೆ ಎತ್ತಿಗೆ ದಾರಿ ಗೊತ್ತಿದ್ದರೇನು ಬಂತು, ಹಿಂದಿನಿಂದ ಬರುವ ಕಾರಿನವನಿಗೆ ಮುಂದೆ ಗಾಡಿಯಿದೆ ಎಂದು ಗೊತ್ತಾಗಬೇಡವೇ?

ಅಂದಿನಿಂದ ಮಂಜಿನಲ್ಲಿ ಕಿವಿ ಮುಚ್ಚುವುದಿಲ್ಲ. ಎತ್ತಿನ ಕೊರಳ ಗೆಜ್ಜೆ ಮೊದಲು ಕೇಳುತ್ತದೆ, ಆಮೇಲೆ ಅಚ್ಚಿನ ಕಿರ್ ಕಿರ್ ಸದ್ದು, ಆಮೇಲೆ ಹಸಿ ಕಬ್ಬಿನ ವಾಸನೆ. ಗಾಡಿ ಕಣ್ಣಿಗೆ ಕಾಣುವುದು ಕೊನೆಗೆ.

ಸಂಜೆಯ ದಾರಿ ಬೇರೆಯೇ. ಮಂಜಿಲ್ಲ, ಆದರೆ ರಸ್ತೆ ತುಂಬ ಒಕ್ಕಣೆ. ಹುರುಳಿ, ರಾಗಿ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿರುತ್ತಾರೆ. ಕಣ ಮಾಡಲು ಜಾಗವಿಲ್ಲ, ಏನು ಮಾಡುತ್ತಾರೆ? ಹುರುಳಿ ಬಳ್ಳಿ ಫ್ರೀವೀಲಿಗೆ ಸುತ್ತಿಕೊಂಡರೆ ಚೈನು ಬಿಗಿದು ಪೆಡಲ್ ನಿಂತೇಬಿಡುತ್ತದೆ. ಕುಳಿತು ಒಂದೊಂದೇ ನಾರನ್ನು ಉಗುರಿನಲ್ಲಿ ಎಳೆಯಬೇಕು. ಹಾಗೆ ಎಳೆಯುತ್ತಿದ್ದಾಗ ಒಬ್ಬ ಅಜ್ಜಿ ಪೊರಕೆ ಹಿಡಿದು ಬಂದು ಹೇಳಿದರು: "ಬಸ್ಸು ಹಾದರೆ ಕಾಳು ಬಿಡುತ್ತದೆ ಮೇಷ್ಟ್ರೇ. ನಿಮ್ಮ ಸೈಕಲ್ಲಿಗೆ ಬರೀ ಬಳ್ಳಿ ಸಿಕ್ಕುತ್ತದೆ. ಅಂಚಿನಲ್ಲಿ ಹೋಗಿ." ಮರುದಿನದಿಂದ ಅವರೇ ಅಂಚಿನಲ್ಲಿ ಎರಡಡಿ ಗುಡಿಸಿ ದಾರಿ ಬಿಟ್ಟಿರುತ್ತಾರೆ. ಸ್ವಲ್ಪ ಮುಂದೆ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಅರ್ಧ ಮೈಲಿಯಿಂದಲೇ ಬರುತ್ತದೆ. ಒಲೆಯ ಮುಂದೆ ಕೈಕಾಯಿಸಿಕೊಂಡರೆ ಕಬ್ಬಿನ ತುಂಡಿನ ಮೇಲೆ ಬಿಸಿ ಬೆಲ್ಲ ಹಚ್ಚಿ ಕೊಡುತ್ತಾರೆ. ನಾವು ಒಳಪೆಡಲು ಕಲಿಯುತ್ತಿದ್ದ ವರ್ಷ ತಿಂದ ಅದೇ ರುಚಿ. ಸ್ಕೂಟರ್ ಏಕೆ ಬೇಡ ಎಂದು ಕೇಳಿದೆಯಲ್ಲ, ಇವೆಲ್ಲ ಸಿಗುವುದು ಸೈಕಲ್ಲಿನ ವೇಗದಲ್ಲಿ.

ಇನ್ನೊಂದು ಕಾರಣವಿದೆ. ಅರಳಿಕಟ್ಟೆಯ ಬಳಿ ದಿನಾ ನನಗಾಗಿ ಏಳು ಮಕ್ಕಳು ಕಾಯುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆ ಯೋಜನೆಯ ಸೈಕಲ್ಲುಗಳು ಇವರ ಅಕ್ಕಂದಿರಿಂದ ಇವರಿಗೆ ಬಂದಿವೆ. ಎರಡಕ್ಕೆ ಮಡ್‌ಗಾರ್ಡ್ ಇಲ್ಲ, ಒಂದಕ್ಕೂ ಹಿಂದಿನ ಕೆಂಪು ಗಾಜು ಉಳಿದಿಲ್ಲ. ಒಬ್ಬ ಹುಡುಗಿ ತಂಗಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬರುತ್ತಾಳೆ. ಎಲ್ಲರೂ ಒಂದೇ ಸಾಲಿನಲ್ಲಿ, ಮುಂದಿನವರು ಬೆಲ್ ಬಾರಿಸುತ್ತ, ನಾನು ದೀಪದೊಂದಿಗೆ ಎಲ್ಲರ ಹಿಂದೆ. ನಾನು ಸ್ಕೂಟರಿನಲ್ಲಿ ಮುಂದೆ ಹೋಗಿಬಿಟ್ಟರೆ ಅವರ ಬೆನ್ನಿಗೆ ಯಾರಿರುತ್ತಾರೆ?

ಇನ್ನು ಕೆಲಸದ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಲಾರಿಗಳ ಹಿಂದೆ ಅಂಟಿಸುವ, ಬೆಳಕಿಗೆ ಹೊಳೆಯುವ ಕೆಂಪು ಟೇಪು ಸಿಗುತ್ತದೆ. ಎರಡು ಇಂಚು ಅಗಲದ್ದು ಎರಡು ಸುರುಳಿ ತಾ. ಇಲ್ಲಿ ಸಿಕ್ಕ ಒಂದಿಷ್ಟನ್ನು ಗಾಡಿಯ ಮರಕ್ಕೆ ಅಂಟಿಸಿ ನೋಡಿದೆ, ಇಬ್ಬನಿಗೆ ಎರಡೇ ದಿನದಲ್ಲಿ ಎದ್ದುಬಂತು. ಎದ್ದುಬರದಿದ್ದರೂ ಹೊರಚಾಚಿದ ಕಬ್ಬು ಅದನ್ನು ಮುಚ್ಚಿಬಿಡುತ್ತಿತ್ತು. ಈಗ ಎಣ್ಣೆ ಡಬ್ಬದ ತಗಡನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಟೇಪು ಅಂಟಿಸಿ, ತೂತು ಕೊರೆದು, ಕಬ್ಬಿನ ಹೊರೆಯ ಹಿಂದುಗಡೆ ತಂತಿಯಲ್ಲಿ ತೂಗುಬಿಡುವುದು ಎಂದು ತೀರ್ಮಾನಿಸಿದ್ದೇನೆ. ಒಂದು ಗಾಡಿಗೆ ಕಟ್ಟಿ ಪರೀಕ್ಷಿಸಿದ್ದೂ ಆಯಿತು. ಅಲುಗಾಡುವುದರಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ಮಕ್ಕಳು ನಲವತ್ತು ತಗಡು ಕತ್ತರಿಸಿ, ಅಂಚು ಮಡಚಿ ಇಟ್ಟಿದ್ದಾರೆ. ಟೇಪೊಂದೇ ಬಾಕಿ. ದುಡ್ಡು ಎಷ್ಟಾಯಿತೆಂದು ಹೇಳು, ಕಳಿಸುತ್ತೇನೆ.

ಸಂಕ್ರಾಂತಿಗೆ ಒಂದು ದಿನ ಮೊದಲೇ ಬಾ. ಹಬ್ಬದ ದಿನ ಗಾಡಿ ಹೂಡುವುದಿಲ್ಲ. ಸಂಜೆ ಕಿಚ್ಚು ಹಾಯಿಸಲು ಎತ್ತುಗಳೊಂದಿಗೆ ಊರೆಲ್ಲ ಒಂದೇ ಕಡೆ ಸೇರಿರುತ್ತದೆ. ಕಿಚ್ಚು ಮುಗಿದ ಮೇಲೆ ಮನೆಮನೆಗೆ ಹೋಗಿ ಒಂದೊಂದು ತಗಡು ಕೊಟ್ಟು ಬರೋಣ. ಹಬ್ಬ ಕಳೆದರೂ ಬೆಳಗಿನ ಕತ್ತಲೆ ಕಡಿಮೆಯಾಗುವುದಿಲ್ಲ ಎಂದೆನಲ್ಲ, ಆಗಲೂ ತಗಡು ಕೆಲಸಕ್ಕೆ ಬರುತ್ತದೆ. ನಿನ್ನ ಹಳೆಯ ಸೈಕಲ್ಲಿನ ಟ್ಯೂಬು ಬದಲಿಸಿ ಗಾಳಿ ಹೊಡೆಸಿ ಇಟ್ಟಿರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಗೆಳೆಯ