ಮುಗಿಸಬಲ್ಲ ಡಬ್ಬ ತಗೋ

ಬೆಂಗಳೂರು
ಭಾನುವಾರ, ಮಧ್ಯಾಹ್ನ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿ, "ಎಂ.ಎಸ್. ಓದೋಕೆ ಹೋದೋನಿಗೆ ಆಟದ ಟ್ಯಾಂಕ್ ಬೇಕಂತೆ, ಎಲ್ಲ ನೀನು ಕೆಡಿಸಿದ್ದು" ಅಂತ ನನ್ನ ಮೇಲೆ ಹರಿಹಾಯ್ದಳು. ಆಪಾದನೆ ನಿಜವೇ ಆದ್ದರಿಂದ ಸುಮ್ಮನೆ ಕೇಳಿಸಿಕೊಂಡೆ. ನೀನು ಕಳಿಸಿದ ಮೂರು ಡಬ್ಬಗಳ ಫೋಟೋ ನೋಡಿದೆ. ಮೂರರಲ್ಲೂ ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕೇ, ಬಿಡಿ ಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ. ಯಾವುದನ್ನು ತಗೊಳ್ಳಲಿ ಅನ್ನುವುದು ನಿನ್ನ ಪ್ರಶ್ನೆ. ವಾಟ್ಸಾಪಿನಲ್ಲಿ ಎರಡು ಸಾಲು ಗೀಚಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಟೈಗರೇ ಯಾಕೆ ಅಂತ ನಾನು ಕೇಳುವುದಿಲ್ಲ. ಬೇರೆ ಯಾರಾದರೂ ಕೇಳಿದ್ದರೆ, ಮೊದಲ ಸಲಕ್ಕೆ ಪ್ಯಾನ್ಜರ್ 4 ಕಟ್ಟಪ್ಪ ಅನ್ನುತ್ತಿದ್ದೆ. ಯುದ್ಧದ ಮೊದಲ ದಿನದಿಂದ ಕೊನೆಯ ದಿನದವರೆಗೆ ದುಡಿದ ಗಾಡಿ ಅದು. ಆದರೆ ನೀನಿರುವುದು ಜರ್ಮನಿಯ ಕಾಸೆಲ್‌ನಲ್ಲಿ. 1942ರ ಆಗಸ್ಟಿನಿಂದ 1944ರ ಆಗಸ್ಟಿನವರೆಗೆ ಸುಮಾರು 1,350 ಟೈಗರ್‌ಗಳು ಹೊರಬಂದದ್ದು ಆ ಊರಿನ ಹೆನ್ಷೆಲ್ ಕಾರ್ಖಾನೆಯಿಂದ. ಟರೆಟ್, ಅಂದರೆ ತೋಪು ಹೊತ್ತು ತಿರುಗುವ ತಲೆಭಾಗ, ಜೋಡಿಸುತ್ತಿದ್ದ ವೆಗ್‌ಮನ್ ಕೂಡ ಅದೇ ಊರಿನದು. ನೀನು ದಿನಾ ಕ್ಲಾಸಿಗೆ ಹೋಗುವ ಹಾಲೆಂಡಿಷರ್ ಪ್ಲಾಟ್ಸ್ ಕ್ಯಾಂಪಸ್ ಎದ್ದಿರುವುದು ಹೆನ್ಷೆಲ್‌ನವರ ಹಳೆಯ ಜಾಗದಲ್ಲಿ. ಅಂಥ ಊರಲ್ಲಿದ್ದವನಿಗೆ ಟೈಗರ್ ಬೇಕೆನಿಸುವುದು ಸಹಜ.

ಈಗ ಡಬ್ಬಗಳ ವಿಚಾರ. ಪೀಣ್ಯದ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಪ್ಲಾಸ್ಟಿಕ್ ಮೋಲ್ಡಿಂಗಿನ ಡೈ, ಅಂದರೆ ಅಚ್ಚು, ಮಾಡಿದವನು ನಾನು. ಹಾಗಾಗಿ ಡಬ್ಬದ ಮೇಲಿನ ಚಿತ್ರಕ್ಕೆ ಮರುಳಾಗುವುದಿಲ್ಲ, ಒಳಗೆ ಬಿಡಿ ಭಾಗಗಳನ್ನು ಹಿಡಿದಿರುವ ಫ್ರೇಮ್ ನೋಡುತ್ತೇನೆ.

ಅಗ್ಗದ ಡಬ್ಬ ಬಿಟ್ಟುಬಿಡು. ಡಬ್ಬ ಹೊಸದು, ಡೈ ಹಳೆಯದು. ಈ ವ್ಯಾಪಾರದಲ್ಲಿ ಇದು ಮೋಸವೂ ಅಲ್ಲ, ಗುಟ್ಟೂ ಅಲ್ಲ. ನಲವತ್ತು ವರ್ಷದ ಡೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಹೊಸ ಚಿತ್ರ ಅಂಟಿಸಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ. ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಚಕ್ರಗಳ ಅಂಚಿನಲ್ಲಿ ಕಾಗದದಷ್ಟು ತೆಳ್ಳಗೆ ಪ್ಲಾಸ್ಟಿಕ್ ಹೊರಚಾಚಿದೆ, ಕಂಡಿತಾ? ಅದು ಫ್ಲ್ಯಾಶ್. ಡೈನ ಎರಡು ಅರ್ಧಗಳು ಸವೆದು, ಸರಿಯಾಗಿ ಕೂರದೇ ಇದ್ದಾಗ ಬರುವಂಥದ್ದು. ಟೈಗರ್‌ಗೆ ಒಂದು ಬದಿಗೆ 24 ಚಕ್ರ, ಎರಡೂ ಬದಿ ಸೇರಿ 48. ನಲವತ್ತೆಂಟು ಚಕ್ರದ ಫ್ಲ್ಯಾಶ್ ಕೆರೆಯುತ್ತಾ ಕೂತರೆ ನಿನ್ನ ಸೆಮಿಸ್ಟರ್ ಮುಗಿಯುತ್ತದೆ.

ಎರಡನೆಯದು, ನಿನ್ನ ಮನಸ್ಸು ನೆಟ್ಟಿರುವುದು, ಆ ಕಂಪನಿ ರೈ ಫೀಲ್ಡ್‌ನವರ ಒಳಾಂಗಣ ಸಮೇತದ ಟೈಗರ್. ಮಾಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೇಬಾಕ್ ಎಂಜಿನ್, ಗೇರ್‌ಬಾಕ್ಸ್, 88 ಎಂ.ಎಂ. ಶೆಲ್‌ಗಳ ಸಾಲು, ಡ್ರೈವರ್ ಸೀಟು, ಎಲ್ಲ ಇದೆ. ನನಗೂ ಬಾಯಲ್ಲಿ ನೀರೂರಿತು. ಆದರೆ ಕೇಳು. ಎಂಜಿನ್‌ಗೆ ಬಣ್ಣ ಹಚ್ಚಿ, ವೈರಿಂಗ್ ಎಳೆದು, ಎಣ್ಣೆ ಕಲೆ ಮಾಡಿ, ಕೊನೆಗೆ ಟ್ಯಾಂಕಿನ ಮೈಯ ಮೇಲ್ಭಾಗ ಕೂರಿಸಿದ ಮರುಕ್ಷಣ ಎಲ್ಲ ಮಾಯ. ಮುಚ್ಚದೆ ಬಿಟ್ಟರೆ ಟ್ಯಾಂಕ್ ಅಲ್ಲ, ಗ್ಯಾರೇಜಿಗೆ ಬಂದ ಲಾರಿ. ಅದೂ ಹೋಗಲಿ, ಚಕ್ರಗಳ ಸುತ್ತ ಓಡುವ ಟ್ರ್ಯಾಕ್ ಸರಪಳಿ ನೋಡು: ಒಂದೊಂದೇ ಕೊಂಡಿ ಜೋಡಿಸಬೇಕು, ಬದಿಗೆ 96ರಂತೆ ಒಟ್ಟು 192.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಅಟ್ಟದ ಮೇಲೆ, ಹಳೆ ಇಡ್ಲಿ ಪಾತ್ರೆಯ ಪಕ್ಕ, ಒಂದು ಪ್ಯಾಂಥರ್ ಟ್ಯಾಂಕಿನ ಮಾದರಿ ಇಪ್ಪತ್ತು ವರ್ಷದಿಂದ ಕೂತಿದೆ. ನೀನು ಚಿಕ್ಕವನಿದ್ದಾಗ ನೋಡಿದ್ದೀಯ. ಅವತ್ತು ನನಗೂ ಇದೇ ಹುಚ್ಚು, ಬಿಡಿ ಕೊಂಡಿಯ ಟ್ರ್ಯಾಕೇ ಬೇಕು ಅಂತ. ಪ್ರತಿ ಕೊಂಡಿಯನ್ನೂ ರನ್ನರ್‌ನಿಂದ, ಅಂದರೆ ಫ್ರೇಮಿನ ಕಡ್ಡಿಯಿಂದ, ಕತ್ತರಿಸು, ಕತ್ತರಿಸಿದ ಕಡೆ ಉಳಿದ ಗುರುತು ಉಜ್ಜು, ಡೈನಿಂದ ಹೊರತಳ್ಳುವ ಪಿನ್ ಒತ್ತಿದ ಗುಳಿಗೆ ಪುಟ್ಟಿ ತುಂಬು, ಮತ್ತೆ ಉಜ್ಜು. ಎಡಬದಿ ಮುಗಿಯುವ ಹೊತ್ತಿಗೆ ಉಗಾದಿ ಹೋಗಿ ಗಣಪತಿ ಹಬ್ಬ ಬಂದಿತ್ತು. ಒಂದು ದಿನ ನಿಮ್ಮತ್ತೆ ಕಸ ಗುಡಿಸುವಾಗ ಬಲಬದಿಯ ಹನ್ನೊಂದು ಕೊಂಡಿ ಮೊರದಲ್ಲಿ ಹೋದವು. ತಪ್ಪು ಅವಳದಲ್ಲ, ನೆಲದ ಮೇಲೆ ಹರಡಿಕೊಂಡು ಕೂತವನದು. ಅವತ್ತಿನಿಂದ ಅದು ಒಂಟಿ ಕಾಲಿನ ಪ್ಯಾಂಥರ್.

ಅದಕ್ಕೇ ಮೂರನೆಯದನ್ನು ತಗೋ. ತಮಿಯಾದವರ 1/35 ಟೈಗರ್, ಆರಂಭದ ಮಾದರಿ. ತೊಂಬತ್ತರ ದಶಕದ ಡೈ, ಆದರೆ ಇವತ್ತಿಗೂ ಭಾಗಕ್ಕೆ ಭಾಗ ಕಚ್ಚಿ ಕೂರುತ್ತದೆ. ಡೈ ಮಾಡಿದವನ ಕೈಗೆ ಮುತ್ತು ಕೊಡಬೇಕು ಅನಿಸುವಂಥ ಕೆಲಸ. ಟ್ರ್ಯಾಕ್ ಮೆತ್ತನೆಯ ಪಟ್ಟಿ, ಸುತ್ತಿ ಅಂಟಿಸಿದರಾಯಿತು. ಒಂದೇ ಕೊರತೆ. ನಿಜವಾದ ಟೈಗರ್‌ನಲ್ಲಿ ಟ್ರ್ಯಾಕ್ ತನ್ನ ಭಾರಕ್ಕೇ ಜೋತು ಚಕ್ರಗಳ ತಲೆಯ ಮೇಲೆ ಮಲಗಿರುತ್ತದೆ, ಈ ಪಟ್ಟಿ ಮಾತ್ರ ಬಿಗಿದ ತಂತಿಯ ಹಾಗೆ ಮೇಲೇ ನಿಲ್ಲುತ್ತದೆ. ಮೊದಲ ಒಂದೆರಡು ಚಕ್ರದ ಮೇಲೆ ಒಂದೊಂದು ಹನಿ ಸೂಪರ್ ಗ್ಲೂ ಹಾಕಿ, ಐಸ್‌ಕ್ರೀಮ್ ಕಡ್ಡಿಯಿಂದ ಒತ್ತಿ ಹಿಡಿ, ಸರಿಹೋಗುತ್ತದೆ.

1/35 ಅನ್ನುವ ಈ ವಿಚಿತ್ರ ಅನುಪಾತದ ಕತೆ ಗೊತ್ತಾ? 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾದವರು ಮೋಟಾರಿನಿಂದ ಓಡುವ ಪ್ಯಾಂಥರ್ ಮಾಡಿದರು. ಹೊಟ್ಟೆಯೊಳಗೆ ಬ್ಯಾಟರಿ ಹಿಡಿಸಬೇಕಲ್ಲ, ಅದಕ್ಕೆ ತಕ್ಕ ಹಾಗೆ ಅಗಲ ಇಟ್ಟರು. ಆಮೇಲೆ ಲೆಕ್ಕ ಹಾಕಿದರೆ ಮೂವತ್ತೈದರಲ್ಲಿ ಒಂದು ಅಂತ ಬಂತು. ಈಗ ಇಡೀ ಲೋಕ ಅದನ್ನೇ ಹಿಡಿದುಕೊಂಡಿದೆ. ನಮ್ಮ ಟೂಲ್ ರೂಮಿನಲ್ಲೂ ಎಷ್ಟೋ ಸ್ಟ್ಯಾಂಡರ್ಡ್‌ಗಳು ಹೀಗೇ ಹುಟ್ಟಿದ್ದು. ಅಂದಹಾಗೆ, 8.45 ಮೀಟರ್ ಉದ್ದದ ಟೈಗರ್, ತೋಪಿನ ನಳಿಗೆ ಸೇರಿ, ಈ ಅಳತೆಯಲ್ಲಿ 24 ಸೆಂಟಿಮೀಟರ್ ಆಗುತ್ತದೆ. ಶೆಲ್ಫಿನ ಉದ್ದ ಮೊದಲೇ ಅಳೆದುಕೋ.

ಆರಂಭದ ಮಾದರಿ ಅಂದದ್ದಕ್ಕೂ ಕಾರಣವಿದೆ. 1943ರ ಕೊನೆಯ ಭಾಗದಿಂದ ಬಂದ ಟೈಗರ್‌ಗಳ ಮೈಗೆ ತ್ಸಿಮರಿಟ್ ಅನ್ನುವ ಗಾರೆ ಬಳಿಯುತ್ತಿದ್ದರು, ಅಯಸ್ಕಾಂತದ ಮೈನ್ ಅಂಟದಿರಲಿ ಅಂತ. ಅದನ್ನು ಪುಟ್ಟಿಯಲ್ಲಿ ಗೆರೆ ಗೆರೆಯಾಗಿ ಎಳೆಯುವುದು ಹೊಸಬರ ಕೈಗೆ ಬಗ್ಗುವ ಕೆಲಸವಲ್ಲ. ಆರಂಭದ್ದಕ್ಕೆ ಆ ರಗಳೆಯಿಲ್ಲ. ಹೌದು, 1944ರ ಕಬ್ಬಿಣದ ಅಂಚಿನ ಚಕ್ರದ ಟೈಗರ್‌ಗೆ ಬದಿಗೆ ಹದಿನಾರೇ ಚಕ್ರ, ರಬ್ಬರಿಗೆ ಕಪ್ಪು ಬಳಿಯುವ ಕೆಲಸವೂ ಇಲ್ಲ. ಆದರೆ ಒಂದರ ಮೇಲೊಂದು ಹೆಣೆದುಕೊಂಡ ಆ ಹಳೆಯ ಚಕ್ರಗಳಿಲ್ಲದೆ ಟೈಗರ್ ಏನು ಟೈಗರ್! ರಷ್ಯಾದ ಚಳಿಗೆ ಆ ಸಂದುಗಳಲ್ಲಿ ಕೆಸರು ಕಲ್ಲಾಗಿ, ಬೆಳಿಗ್ಗೆ ಗಾಡಿ ಅಲ್ಲಾಡುತ್ತಿರಲಿಲ್ಲವಂತೆ. ಒಳಸಾಲಿನ ಒಂದು ಚಕ್ರ ಕೆಟ್ಟರೆ ಅದನ್ನು ಮುಚ್ಚಿದ ಹೊರಗಿನವನ್ನೆಲ್ಲ ಬಿಚ್ಚಬೇಕು. ಇಂಥ ಡಿಸೈನ್ ತಂದವನನ್ನು ನಮ್ಮ ಫೋರ್‌ಮನ್ ಶಾಪ್ ಫ್ಲೋರಿನಿಂದಲೇ ಓಡಿಸುತ್ತಿದ್ದ.

ಆ ಪಾಠ ನಿನಗೂ ಬೇಕು. ಚಕ್ರಗಳನ್ನು ಕೂರಿಸುವ ಮುಂಚೆಯೇ ಬಣ್ಣ ಮುಗಿಸು. ಟೂತ್‌ಪಿಕ್ಕಿಗೆ ಚಕ್ರ ಸಿಕ್ಕಿಸು, ಬ್ರಶ್ಶನ್ನು ರಬ್ಬರಿನ ಮೇಲೆ ಅಲುಗದ ಹಾಗೆ ಹಿಡಿ, ಟೂತ್‌ಪಿಕ್ ತಿರುಗಿಸು. ಕೈ ಓಡುವುದು ಬೇಡ, ಚಕ್ರ ಓಡಲಿ, ಲೇತ್ ಮೇಲಿನ ಜಾಬ್ ಹಾಗೆ. ಕೂರಿಸಿದ ಮೇಲೆ ಒಳಸಾಲಿಗೆ ಯಾವ ಬ್ರಶ್ಶೂ ಹೋಗುವುದಿಲ್ಲ.

ಮೈಬಣ್ಣಕ್ಕೆ 1943ರ ಬೇಸಿಗೆಯ ಗಾಡಿ ಮಾಡು. ಆ ವರ್ಷದ ಫೆಬ್ರವರಿಯ ಆದೇಶದಿಂದ ಬೂದು ಹೋಗಿ ಮಣ್ಣು ಹಳದಿ ಬಂತು. ಅದರ ಮೇಲೆ ಹಸಿರು, ಕೆಂಗಂದು ಪಟ್ಟೆಗಳನ್ನು ಸಿಬ್ಬಂದಿಯೇ ಹಾಕಿಕೊಳ್ಳುತ್ತಿದ್ದರು. ಬಣ್ಣ ಡಬ್ಬಿಯಲ್ಲಿ ಗಟ್ಟಿ ಪೇಸ್ಟಾಗಿ ಬರುತ್ತಿತ್ತು, ನೀರೋ ಪೆಟ್ರೋಲೋ ಬೆರೆಸಿ, ಸ್ಪ್ರೇ ಇದ್ದರೆ ಸ್ಪ್ರೇ, ಇಲ್ಲದಿದ್ದರೆ ಬ್ರಶ್. ಹಾಗಾಗಿ ನಿನ್ನ ಪಟ್ಟೆ ಸ್ವಲ್ಪ ವಕ್ರವಾದರೆ ತಲೆ ಕೆಡಿಸಿಕೊಳ್ಳಬೇಡ. ನೀರಿನ ಅಕ್ರಿಲಿಕ್ ಬಣ್ಣವೇ ಇರಲಿ. ಚಳಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಲ್ಯಾಕರ್ ಹೊಡೆದರೆ ಟ್ಯಾಂಕಿಗಿಂತ ಮೊದಲು ನಿನಗೆ ತಲೆ ಸುತ್ತುತ್ತದೆ.

ಡೆಕಲ್ ಹಾಳೆಯನ್ನು, ಅಂದರೆ ಟ್ಯಾಂಕಿನ ಮೈಗೆ ಅಂಟಿಸುವ ಗುರುತುಗಳ ಹಾಳೆಯನ್ನು, ಗಮನವಿಟ್ಟು ನೋಡು. ಟ್ಯಾಂಕಿನ ಮೇಲಿನ ಕಪ್ಪು ಬಿಳಿ ಶಿಲುಬೆಗೆ ತೊಂದರೆಯಿಲ್ಲ. ನಾಜಿಗಳ ಸ್ವಸ್ತಿಕ, ಎಸ್‌ಎಸ್ ಚಿಹ್ನೆ ಇವೆಲ್ಲ ಬೇರೆ, ಸಾರ್ವಜನಿಕವಾಗಿ ತೋರಿಸುವುದನ್ನು ಅಲ್ಲಿನ ದಂಡ ಸಂಹಿತೆಯ 86ಎ ಕಲಂ ತಡೆಯುತ್ತದೆ. ಇತಿಹಾಸ, ಕಲೆ ಅಂತ ವಿನಾಯಿತಿಗಳಿವೆ ಅನ್ನುವುದು ನಿಜ. ನೀನು ಆ ವಾದಕ್ಕೆ ಇಳಿಯಬೇಡ, "ನಮ್ಮ ಮನೆ ಹೊಸ್ತಿಲಲ್ಲೂ ಬರೀತಾರೆ" ಅಂತ ವಿವರಿಸಲೂ ಹೋಗಬೇಡ. ಸಾಮಾನ್ಯ ಸೇನೆಯ ಭಾರಿ ಟ್ಯಾಂಕ್ ಬೆಟಾಲಿಯನ್‌ನ ಗಾಡಿ ಮಾಡು.

ಇನ್ನೊಂದು ಮಾತು, ಇದನ್ನು ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಿನಗೆ ಆ್ಯಪಲ್ ಕೇಕ್ ಮಾಡಿಕೊಡುವ ಮನೆಯೊಡತಿ ಅಜ್ಜಿ ಹುಟ್ಟಿದ್ದೇ ಕಾಸೆಲ್‌ನಲ್ಲಿ, ವಯಸ್ಸು ಎಂಬತ್ತೇಳು ಅಂದಿದ್ದೆ. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಆ ಊರನ್ನು ಸುಟ್ಟವು. ಸತ್ತವರು ಹತ್ತು ಸಾವಿರದ ಹತ್ತಿರ. ಆ ಅಜ್ಜಿಗೆ ಆಗ ಎಷ್ಟು ವಯಸ್ಸಿರಬಹುದು, ನೀನೇ ಲೆಕ್ಕ ಹಾಕು. ಅದೇ ಹೆನ್ಷೆಲ್‌ನಲ್ಲಿ ಹೊರದೇಶಗಳಿಂದ ಹಿಡಿದು ತಂದವರನ್ನು ಬಲವಂತವಾಗಿ ದುಡಿಸುತ್ತಿದ್ದರು ಅನ್ನುವುದೂ ಆ ಊರಿಗೆ ಗೊತ್ತು. ಟ್ಯಾಂಕ್ ಮಾಡಬೇಡ ಅನ್ನುತ್ತಿಲ್ಲ. ಮುಗಿಸಿದ ಮೇಲೆ ಅವರು ಓಡಾಡುವ ಹಜಾರದ ಕಿಟಕಿಯಲ್ಲಿ ಇಡಬೇಡ, ನಿನ್ನ ಕೋಣೆಯಲ್ಲಿರಲಿ. ಅವರಾಗಿ ಕೇಳಿದರೆ ತೋರಿಸು. ಏನಾದರೂ ಹೇಳಲು ಶುರು ಮಾಡಿದರೆ ಚಕ್ರದ ಲೆಕ್ಕ ಒಪ್ಪಿಸಬೇಡ, ಸುಮ್ಮನೆ ಕೇಳು. ನಿನ್ನ ಜರ್ಮನ್ ಅಷ್ಟಕ್ಕೆ ಸಾಕು.

ರಜೆ ಸಿಕ್ಕಾಗ ಮುನ್‌ಸ್ಟರ್‌ನ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿ ಬಾ. ಹ್ಯಾಂಬರ್ಗ್ ಕಡೆಯ ಹೀತ್ ಬಯಲಿನಲ್ಲಿದೆ. ಯೂನಿವರ್ಸಿಟಿ ಇರುವ ಇನ್ನೊಂದು ಮ್ಯುನ್‌ಸ್ಟರ್ ಬೇರೆ, ಟಿಕೆಟ್ ತೆಗೆಯುವಾಗ ಎಚ್ಚರ. ಪ್ಯಾಂಥರ್ ಅಲ್ಲಿದೆ. ಪಕ್ಕದಲ್ಲಿ ನಿಂತು ಬೆಸುಗೆಯ ಗೆರೆಗಳನ್ನು ಹತ್ತಿರದಿಂದ ಫೋಟೋ ತೆಗೆದು ಕಳಿಸು, ನನ್ನ ಒಂಟಿ ಕಾಲಿನದಕ್ಕೆ ಬೇಕು.

ದೀಪಾವಳಿಗೆ ಬರುವಾಗ ಅಂಟಿನ ಶೀಶೆ ತರಬೇಡ, ಬೆಂಕಿ ಹತ್ತುವ ಸಾಮಾನು ಅಂತ ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಡಬ್ಬದ ಮುಚ್ಚಳ ಮಾತ್ರ ಎಸೆಯಬೇಡ, ಮಡಿಸದೆ ಸೂಟ್‌ಕೇಸಿನ ತಳಕ್ಕೆ ಹಾಕಿಕೊಂಡು ಬಾ. ಚಿತ್ರ ಚೆನ್ನಾಗಿದೆ, ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸುತ್ತೇನೆ. ನಿಮ್ಮತ್ತೆ ಚಟ್ನಿಪುಡಿ ಖಾಲಿಯಾಯಿತಾ ಅಂತ ಕೇಳುತ್ತಿದ್ದಾಳೆ.

ಇತಿ ನಿನ್ನ
ಮಾವ